ಬೈಬಲ್ ಓದುವಾಗ ಪಕ್ಕದಲ್ಲಿ ಯಾರಿದ್ದಾರೆ?

1807ರಲ್ಲಿ ಲಂಡನ್‌ನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ಕೈಯಲ್ಲಿದ್ದ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ, ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾ ಮೂಲದ ಗುಲಾಮರಿಗೆಂದೇ ತಯಾರಿಸಿದ ಬೈಬಲ್ ಅದು. ಇದು ಪೂರ್ತಿ ಬೈಬಲ್ ಅಲ್ಲ, ಆಯ್ದ ಭಾಗಗಳು ಅಂತ ಮೊದಲ ಪುಟದಲ್ಲೇ ಹೇಳಿಕೊಂಡಿತ್ತು. ನಮ್ಮ ಮನೆಗಳಲ್ಲಿರುವ ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 1,189 ಅಧ್ಯಾಯಗಳಿವೆ. ಅದರಲ್ಲಿ ಇದ್ದದ್ದು 232 ಮಾತ್ರ.

ಏನನ್ನು ಬಿಟ್ಟರು ಅನ್ನೋದು ಮುಖ್ಯ. ವಿಮೋಚನಕಾಂಡದಲ್ಲಿ ಗುಲಾಮರಾಗಿದ್ದ ಇಸ್ರಾಯೇಲ್ಯರು ಐಗುಪ್ತದಿಂದ (ಈಜಿಪ್ಟಿನಿಂದ) ಬಿಡಿಸಿಕೊಂಡು ಬರುವ ಕಥೆಯನ್ನೇ ತೆಗೆದಿದ್ದಾರೆ. ಅವರ ನಾಯಕ ಮೋಶೆ ಐಗುಪ್ತದ ರಾಜ ಫರೋಹನ ಎದುರು ನಿಂತು ನನ್ನ ಜನರನ್ನು ಬಿಡು ಅಂತ ಕೇಳುವುದು ಅದರಲ್ಲಿ ಸಿಗುವುದಿಲ್ಲ. ಅವರು ಕೆಂಪು ಸಮುದ್ರ ದಾಟುವುದೂ ಸಿಗುವುದಿಲ್ಲ. ಕ್ರಿಸ್ತನಲ್ಲಿ ಆಳು ಒಡೆಯ ಅನ್ನುವ ಭೇದ ಇಲ್ಲ ಅಂತ ಮೊದಲ ಕಾಲದ ಕ್ರೈಸ್ತ ಬೋಧಕ ಪೌಲನು ಗಲಾತ್ಯದವರಿಗೆ ಪತ್ರದಲ್ಲಿ ಬರೆದದ್ದೂ ಇಲ್ಲ. ಆದರೆ ದಾಸರು ಒಡೆಯರಿಗೆ ಭಯದಿಂದ ವಿಧೇಯರಾಗಿರಬೇಕು ಅಂತ ಅದೇ ಪೌಲನ ಹೆಸರಿನಲ್ಲಿ ಎಫೆಸದವರಿಗೆ ಬರೆದ ಮಾತು ಇದೆ. ಅದನ್ನು ಯಾರೂ ಮುಟ್ಟಿಲ್ಲ.

ಇದನ್ನು ಮಾಡಿದವರು ರಾಕ್ಷಸರಾಗಿದ್ದರೆ ಸುಲಭವಾಗಿತ್ತು. ಇದರ ಹಿಂದಿದ್ದ ಮಿಷನರಿ ಸಂಘವನ್ನು ಕಟ್ಟಿದ ಲಂಡನ್ ಬಿಷಪ್ ಬೀಲ್ಬಿ ಪೋರ್ಟಿಯಸ್ ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಮಾತಾಡಿದವರು. ತೋಟದ ಒಡೆಯರ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಲು ಮಿಷನರಿಗಳಿಗೆ ಆಗುತ್ತಿರಲಿಲ್ಲ. ಹಾಗಾಗಿ ಒಡೆಯರಿಗೆ ಇರಿಸುಮುರಿಸು ಆಗದಂಥ ಒಂದು ಬೈಬಲ್ ಹೊರಬಂತು. ಇವತ್ತು ಅದರ ಮೂರೇ ಪ್ರತಿಗಳು ಉಳಿದಿರುವುದು ಗೊತ್ತಿದೆ. ಒಂದು ಅಮೆರಿಕದ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. ಆ ವಿಶ್ವವಿದ್ಯಾಲಯ ಹುಟ್ಟಿದ್ದೇ ಬಿಡುಗಡೆಯಾದ ಗುಲಾಮರಿಗೆ ಓದು ಕಲಿಸಲು.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದದ್ದು. ಬೆಂಗಳೂರಿನ ನಮ್ಮ ಮನೆಗೂಟದಲ್ಲಿ, ಅಂದರೆ ಮನೆಯಲ್ಲಿ ಸೇರಿ ಬೈಬಲ್ ಓದುವ ಕೂಟದಲ್ಲಿ, ಇತ್ತೀಚೆಗೆ ಒಂದು ಮಾತು ಮತ್ತೆ ಮತ್ತೆ ಏಳುತ್ತಿದೆ. ಒಬ್ಬರು ಹೇಳುತ್ತಾರೆ, 'ಬೈಬಲ್‌ನಲ್ಲಿ ಬರೆದಿದೆ, ಮುಗೀತು. ನಿಮ್ಮ ಅಭಿಪ್ರಾಯ ಯಾರಿಗೆ ಬೇಕು?' ಇನ್ನೊಬ್ಬರು ಹೇಳುತ್ತಾರೆ, 'ದೇವರ ಜೊತೆ ನನ್ನ ಸಂಬಂಧ ನನ್ನದು. ಎರಡು ಸಾವಿರ ವರ್ಷದ ಹಿಂದಿನ ಪುಸ್ತಕ ನನಗೆ ಎಲ್ಲವನ್ನೂ ಹೇಳಬೇಕಿಲ್ಲ.' ಸಾಮಾನ್ಯವಾಗಿ ಮೊದಲನೆಯವರು ಹಿರಿಯರು, ಎರಡನೆಯವರು ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗರು ಹುಡುಗಿಯರು. ಇಬ್ಬರೂ ದೇವರನ್ನು ಪ್ರೀತಿಸುವವರೇ. ಆದರೂ ಚಹಾ ಬರುವ ಹೊತ್ತಿಗೆ ಮುಖ ಗಂಟಿಕ್ಕಿಕೊಂಡಿರುತ್ತವೆ.

ನನಗೆ ಆ 1807ರ ಬೈಬಲ್ ನೆನಪಾಗುವುದು ಆಗ. ಯಾಕೆಂದರೆ ಅದನ್ನು ಮಾಡಿದವರೂ ಶಾಸ್ತ್ರದ ಅಧಿಕಾರವನ್ನು ಪೂರ್ತಿ ನಂಬಿದ್ದವರೇ. ನಂಬಿದ್ದರಿಂದಲೇ ಕತ್ತರಿಸಿದರು. ಆ ಪುಟಗಳಿಗೆ ಶಕ್ತಿ ಇಲ್ಲ ಅನ್ನಿಸಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದರು, ಅಲ್ವಾ?

ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಜಾರ್ಜಿಯಾ ರಾಜ್ಯದಲ್ಲಿ ಚಾರ್ಲ್ಸ್ ಕೋಲ್‌ಕಾಕ್ ಜೋನ್ಸ್ ಅನ್ನುವ ಪ್ರೆಸ್ಬಿಟೇರಿಯನ್ ಬೋಧಕರಿದ್ದರು. ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ಗುಲಾಮರಿಗೆ ಸುವಾರ್ತೆ ಹೇಳುವುದೇ ತಮ್ಮ ಕರೆ ಅಂದುಕೊಂಡಿದ್ದವರು. 1833ರ ಸುಮಾರಿಗೆ ಒಂದು ದಿನ ಅವರು ಪೌಲನು ಫಿಲೆಮೋನನಿಗೆ ಬರೆದ ಪತ್ರಿಕೆಯ (ಬೈಬಲ್‌ನಲ್ಲಿ ಪತ್ರಕ್ಕೆ ಹೀಗನ್ನುತ್ತಾರೆ) ಮೇಲೆ ಪ್ರಸಂಗ, ಅಂದರೆ ಬೋಧನೆ, ಮಾಡಿದರು. ಓಡಿಹೋದ ದಾಸ ಒನೇಸಿಮನನ್ನು ಪೌಲನು ಅವನ ಒಡೆಯನ ಬಳಿಗೇ ತಿರುಗಿ ಕಳುಹಿಸುವ ಪತ್ರಿಕೆ ಅದು. ಒಡೆಯರಿಗೆ ನಂಬಿಗಸ್ತರಾಗಿರಿ, ಓಡಿಹೋಗುವುದು ತಪ್ಪು, ಇದು ಪೌಲನ ಮಾತು ಅಂತ ಒತ್ತಿ ಹೇಳಿದರು. ಕೂತಿದ್ದವರಲ್ಲಿ ಅರ್ಧ ಜನ ಎದ್ದು ಹೊರಟೇ ಹೋದರು. ಉಳಿದವರ ಮುಖದಲ್ಲೂ ಸಮಾಧಾನ ಇರಲಿಲ್ಲ. ಆರಾಧನೆ ಮುಗಿದ ಮೇಲೆ ಗುಸುಗುಸು. ಅಂಥ ಒಂದು ಪತ್ರಿಕೆ ಬೈಬಲ್‌ನಲ್ಲಿ ಇಲ್ಲವೇ ಇಲ್ಲ ಅಂತ ಕೆಲವರು ಖಡಾಖಂಡಿತ ಹೇಳಿದರು. ಈ ಅಯ್ಯನವರ ಪ್ರಸಂಗ ಇನ್ನು ಕೇಳದಿದ್ದರೂ ಪರವಾಗಿಲ್ಲ ಅಂದರು ಇನ್ನು ಕೆಲವರು. ಇದನ್ನೆಲ್ಲ ಬರೆದಿಟ್ಟವರು ಜೋನ್ಸ್ ಅವರೇ.

ಎದ್ದು ಹೋದವರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ. ಗುಲಾಮರಿಗೆ ಅಕ್ಷರ ಕಲಿಸುವುದನ್ನು ಜಾರ್ಜಿಯಾದ ಕಾನೂನೇ ತಡೆದಿತ್ತು. ಪುಸ್ತಕ ತೆರೆದು ತೋರಿಸಿ ಅಂದಿದ್ದರೆ ಗೆಲ್ಲುತ್ತಿದ್ದದ್ದು ಜೋನ್ಸ್. ಫಿಲೆಮೋನನಿಗೆ ಬರೆದ ಪತ್ರಿಕೆ ಬೈಬಲ್‌ನಲ್ಲಿ ಇದ್ದೇ ಇದೆ, 25 ವಚನಗಳು. ಆದರೂ ಅವತ್ತು ಆ ಸಭೆಯಲ್ಲಿ ದೇವರ ವಾಕ್ಯ ಯಾರಿಗೆ ಸರಿಯಾಗಿ ಕೇಳಿಸಿತ್ತು ಅಂತ ನನ್ನನ್ನು ಕೇಳಿದರೆ, ಎದ್ದು ಹೋದವರಿಗೆ ಅಂತ ಎದೆ ಮುಟ್ಟಿ ಹೇಳುತ್ತೇನೆ. ಐಗುಪ್ತದಲ್ಲಿ ಜನರ ಗೋಳು ಕೇಳಿ ಇಳಿದುಬಂದ ದೇವರು ಅವರಿಗೆ ಗೊತ್ತಿದ್ದರು. ಆ ದೇವರು ಇಂಥ ಮಾತು ಆಡಲಾರರು ಅನ್ನುವುದೂ ಗೊತ್ತಿತ್ತು.

ಇಲ್ಲಿ ಒಂದು ಕಷ್ಟವಿದೆ. ಅದನ್ನು ಹಾರಿಸಿಕೊಂಡು ಹೋಗಲು ನನಗೆ ಇಷ್ಟವಿಲ್ಲ. ಬರೀ ವಚನಗಳ ಲೆಕ್ಕ ಹಾಕಿದರೆ ಆ ಕಾಲದ ವಾದದಲ್ಲಿ ಒಡೆಯರ ಕೈಯೇ ಮೇಲಿತ್ತು. ಅಬ್ರಹಾಮನಿಗೆ ದಾಸರಿದ್ದರು. ಮೋಶೆಯ ಧರ್ಮಶಾಸ್ತ್ರ ದಾಸತ್ವಕ್ಕೆ ನಿಯಮ ಮಾಡಿತೇ ಹೊರತು ನಿಲ್ಲಿಸಲಿಲ್ಲ. ಪೌಲ, ಯೇಸುವಿನ ಶಿಷ್ಯ ಪೇತ್ರ ಇಬ್ಬರೂ ದಾಸರಿಗೆ ಅಧೀನರಾಗಿರಿ ಎಂದೇ ಬರೆದರು. ಅಮೆರಿಕದ ದಕ್ಷಿಣ ರಾಜ್ಯಗಳ ಬೋಧಕರು ಇದನ್ನೆಲ್ಲ ಅಧ್ಯಾಯ, ವಚನ ಸಮೇತ ತೋರಿಸುತ್ತಿದ್ದರು. ಗುಲಾಮರನ್ನು ಇಟ್ಟುಕೊಂಡವರನ್ನು ಮಿಷನರಿಗಳಾಗಿ ಕಳುಹಿಸಬಹುದಾ ಅನ್ನುವ ಜಗಳದಲ್ಲೇ 1845ರಲ್ಲಿ ಬ್ಯಾಪ್ಟಿಸ್ಟರು ಒಡೆದು ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಹುಟ್ಟಿತು. ಅದೇ ಸಂಸ್ಥೆ 1995ರಲ್ಲಿ ಕಪ್ಪು ಜನರ ಕ್ಷಮೆ ಕೇಳಿತು. ನಡುವೆ 150 ವರ್ಷ. ಬೈಬಲ್‌ನ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಹಾಗಾದರೆ ಪುಸ್ತಕ ಬಿಡೋಣ, ಮನಸ್ಸಾಕ್ಷಿ ಸಾಕು ಅನ್ನಬಹುದಾ? ಅದಕ್ಕೂ ಒಂದು ಉದಾಹರಣೆ ಅಮೆರಿಕದಲ್ಲೇ ಇದೆ.

ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಎಪ್ಪತ್ತು ದಾಟಿದ ಮೇಲೆ, 1820ರ ಹೊತ್ತಿಗೆ, ತಮ್ಮದೇ ಒಂದು ಸುವಾರ್ತೆ ಮಾಡಿಕೊಂಡರು. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಹೊಸ ಒಡಂಬಡಿಕೆಗಳನ್ನು ಮುಂದಿಟ್ಟುಕೊಂಡು, ಬೇಕಾದ ವಚನಗಳನ್ನು ಅಲಗಿನಿಂದ ಕತ್ತರಿಸಿ, ನಾಲ್ಕೂ ಭಾಷೆಗಳನ್ನು ಅಕ್ಕಪಕ್ಕ ಅಂಟಿಸಿದರು. ಯೇಸುವಿನ ಬೋಧನೆ ಉಳಿಯಿತು. ಅದ್ಭುತಗಳು ಹೋದವು. ಸಮಾಧಿಯ ಬಾಗಿಲಿಗೆ ಕಲ್ಲು ಉರುಳಿಸುವಲ್ಲಿಗೆ ಆ ಪುಸ್ತಕ ಮುಗಿಯುತ್ತದೆ, ಪುನರುತ್ಥಾನ ಇಲ್ಲ. ಅಚ್ಚು ಹಾಕಿಸಲಿಲ್ಲ, ಊರಿಗೆ ಹೇಳಲಿಲ್ಲ. ತಮಗಾಗಿ ಮಾತ್ರ ಇಟ್ಟುಕೊಂಡಿದ್ದರು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ನಂಬಲಾಗದ್ದನ್ನು ನಂಬುತ್ತೇನೆ ಅಂತ ನಟಿಸಲಿಲ್ಲ, ಅಷ್ಟರಮಟ್ಟಿಗೆ ಅವರು ಪ್ರಾಮಾಣಿಕರು. ಆದರೆ ಅವರು ಉಳಿಸಿಕೊಂಡ ಪುಟಗಳಲ್ಲೇ ಪರ್ವತ ಪ್ರಸಂಗ ಇದೆ. ಜನ ನಿಮಗೆ ಏನು ಮಾಡಬೇಕು ಅಂತ ಬಯಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿ ಅನ್ನುವ ಮಾತು ಇದೆ. ಅದೇ ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮರುವರ್ಷ, 1827ರ ಜನವರಿಯಲ್ಲಿ, ಸಾಲ ತೀರಿಸಲು ಅವರ ಮಾಂಟಿಚೆಲೊ ಎಸ್ಟೇಟಿನಲ್ಲಿ 130 ಜನರನ್ನು ಹರಾಜಿಗೆ ಇಟ್ಟರು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆ.

ತನಗೆ ಸರಿ ಕಂಡದ್ದನ್ನಷ್ಟೇ ಇಟ್ಟುಕೊಂಡ ಪುಸ್ತಕವೂ ಅವರನ್ನು ಅಲ್ಲಾಡಿಸಲಿಲ್ಲ. ಯಾಕೆ? ರಾತ್ರಿ ಒಬ್ಬರೇ ಕೂತು ಓದುತ್ತಿದ್ದರು. ಈ ವಚನದ ಪ್ರಕಾರ ನನ್ನ ಮಗನನ್ನು ಮಾರಬಹುದಾ ಯಜಮಾನರೇ ಅಂತ ಕೇಳುವವರು ಆ ಕೋಣೆಯಲ್ಲಿ ಇರಲಿಲ್ಲ. ಕೇಳಬೇಕಾದವರು ಹೊರಗೆ ಹೊಲದಲ್ಲಿದ್ದರು.

ಇನ್ನೊಬ್ಬರ ಕಥೆ ಹೇಳಬೇಕು. ಫ್ಲೋರಿಡಾದ ನ್ಯಾನ್ಸಿ ಆಂಬ್ರೋಸ್ ಗುಲಾಮಳಾಗಿ ಹುಟ್ಟಿ, ಬಿಡುಗಡೆ ಕಂಡ ಅಜ್ಜಿ. ಅಕ್ಷರ ಬರುತ್ತಿರಲಿಲ್ಲ. ವಾರಕ್ಕೆ ಎರಡು ಮೂರು ಸಲ ಮೊಮ್ಮಗನ ಕೈಯಲ್ಲಿ ಬೈಬಲ್ ಓದಿಸಿಕೊಳ್ಳುತ್ತಿದ್ದರು. ಕೀರ್ತನೆಗಳು, ಯೆಶಾಯ, ಸುವಾರ್ತೆಗಳು ಎಲ್ಲ ಆಗುತ್ತಿತ್ತು. ಪೌಲನ ಪತ್ರಿಕೆ ಮಾತ್ರ ಬೇಡ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೇ ಅಧ್ಯಾಯ, ಪ್ರೀತಿಯ ಅಧ್ಯಾಯ, ಅದೊಂದಕ್ಕೆ ಆಗಾಗ ಒಪ್ಪಿಗೆ. ಮೊಮ್ಮಗ ಕಾಲೇಜಿಗೆ ಹೋದ ಮೇಲೆ ಧೈರ್ಯ ಮಾಡಿ ಕಾರಣ ಕೇಳಿದ. ಅಜ್ಜಿ ಹೇಳಿದರು: ಗುಲಾಮಗಿರಿಯ ದಿನಗಳಲ್ಲಿ ಒಡೆಯನ ಬೋಧಕ ಬಂದು ವರ್ಷಕ್ಕೆ ಮೂರು ನಾಲ್ಕು ಸಲವಾದರೂ ಪೌಲನ ಆ ಮಾತನ್ನೇ ಹಿಡಿದು ಪ್ರಸಂಗ ಮಾಡುತ್ತಿದ್ದ, ದಾಸರೇ ಒಡೆಯರಿಗೆ ವಿಧೇಯರಾಗಿರಿ ಅಂತ. ಓದು ಕಲಿತರೆ, ಬಿಡುಗಡೆ ಬಂದರೆ, ಬೈಬಲ್‌ನ ಆ ಭಾಗ ಓದುವುದಿಲ್ಲ ಅಂತ ಆಗಲೇ ದೇವರಿಗೆ ಮಾತು ಕೊಟ್ಟಿದ್ದೆ.

ಆ ಮೊಮ್ಮಗ ಹೊವಾರ್ಡ್ ಥರ್ಮನ್. ಮುಂದೆ ದೊಡ್ಡ ದೈವಶಾಸ್ತ್ರಜ್ಞರಾದರು. 1935ರಲ್ಲಿ ನಮ್ಮ ಕಡೆಗೂ ಬಂದಿದ್ದರು. ಕೊಲಂಬೊದಲ್ಲಿ ಕಾನೂನು ಓದಿದ ಒಬ್ಬರು ಅವರನ್ನು ನೇರವಾಗಿ ಕೇಳಿದರು: ನಿಮ್ಮ ಜನರನ್ನು ಹಡಗಿನಲ್ಲಿ ತುಂಬಿಕೊಂಡು ಹೋದವರು ಕ್ರೈಸ್ತರು, ಮಾರಿದವರು ಕ್ರೈಸ್ತರು, ಅದಕ್ಕೆ ವಚನ ಹುಡುಕಿಕೊಟ್ಟವರೂ ಕ್ರೈಸ್ತರು. ನೀವು ಕ್ರೈಸ್ತರಾಗಿ ಇಲ್ಲಿ ಏನು ಮಾಡುತ್ತಿದ್ದೀರಿ? ಮುಂದಿನ ವರ್ಷ ಬಾರ್ಡೋಲಿಯಲ್ಲಿ ಗಾಂಧೀಜಿಯನ್ನೂ ಅವರು ಭೇಟಿಯಾದರು. ಕೊಲಂಬೊದ ಪ್ರಶ್ನೆ ಅವರನ್ನು ಬಿಡಲಿಲ್ಲ. 1949ರಲ್ಲಿ ಅಜ್ಜಿಯ ಕಥೆಯನ್ನೂ ಈ ಪ್ರಶ್ನೆಯನ್ನೂ ಒಂದೇ ಪುಸ್ತಕದಲ್ಲಿ ಬರೆದರು. ಯೇಸು ಬಡ ಯೆಹೂದ್ಯನಾಗಿ, ರೋಮ್ ಸಾಮ್ರಾಜ್ಯದ ಕಾಲ್ತುಳಿತದಲ್ಲಿ ಬದುಕಿದವರು, ಗೋಡೆಗೆ ಬೆನ್ನು ಒತ್ತಿ ನಿಂತವರಿಗೆ ಆತ ಏನು ಹೇಳುತ್ತಾನೆ ಅನ್ನುವುದೇ ಆ ಪುಸ್ತಕದ ಹುಡುಕಾಟ.

ಒಡೆಯರಿಗಾಗಿ ಮಿಷನರಿಗಳು ಕತ್ತರಿಸಿದರು, ಜೆಫರ್ಸನ್ ಕತ್ತರಿಸಿದರು, ನ್ಯಾನ್ಸಿ ಅಜ್ಜಿಯೂ ಬಿಟ್ಟರು. ಮೂರೂ ಒಂದೇ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇನ್ನೊಬ್ಬರ ಕೈ ಕಟ್ಟಲು ಪುಟ ಕಿತ್ತವರಿಗೂ, ತನ್ನ ಬೆನ್ನಿಗೆ ಬಿದ್ದ ಪೆಟ್ಟಿನ ನೆನಪಿಗೆ ಒಂದು ಪುಟ ಮುಚ್ಚಿಟ್ಟ ಅಜ್ಜಿಗೂ ಅಜಗಜಾಂತರ. ಅಜ್ಜಿ ಬಿಟ್ಟ ಪುಟಗಳಲ್ಲೇ ಗಲಾತ್ಯದವರಿಗೆ ಬರೆದ ಆ ಬಿಡುಗಡೆಯ ಮಾತು ಇತ್ತು ಅನ್ನುವುದು ನನಗೆ ತುಂಬ ನೋವು ಕೊಡುತ್ತದೆ. ಅವರ ಕೈಯಿಂದ ಅದನ್ನೂ ಕಸಿದುಕೊಂಡವರು ಪೌಲನಿಗಿಂತ ಜಾಸ್ತಿ ಆ ಬೋಧಕ.

ಇದೆಲ್ಲ ದೂರದ ಕಥೆ ಅನ್ನಿಸಬಹುದು. ಡಿಸೆಂಬರ್ 31ರ ರಾತ್ರಿ ನಮ್ಮ ಕಡೆಯ ಯಾವುದಾದರೂ ಚರ್ಚಿಗೆ ಬಂದು ನೋಡಿ. ಹನ್ನೆರಡು ಹೊಡೆದ ಮೇಲೆ ತಟ್ಟೆಯಲ್ಲಿ ಬೈಬಲ್‌ನ ಒಂದೊಂದು ವಚನ ಇರುವ ವಾಗ್ದಾನದ ಕಾರ್ಡುಗಳು ಬರುತ್ತವೆ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಒಂದು ಎತ್ತಿಕೊಳ್ಳುತ್ತೇವೆ. 'ಅಕ್ಕ, ನಿಮಗೆ ಯಾವುದು ಬಂತು?' ಅಂತ ಪಕ್ಕದವರನ್ನು ಕೇಳುತ್ತೇವೆ. ಆ ಕಾರ್ಡು ವರ್ಷವಿಡೀ ಬೀರುವಿನ ಬಾಗಿಲಿಗೆ ಅಂಟಿಕೊಂಡಿರುತ್ತದೆ. ಹೆಚ್ಚಾಗಿ ಬರುವುದರಲ್ಲಿ ಯೆರೆಮೀಯ 29:11 ಒಂದು. ನಿಮ್ಮ ಬಗ್ಗೆ ನನ್ನ ಆಲೋಚನೆಗಳು ಕೇಡಿನವಲ್ಲ, ಹಿತದವೇ ಅನ್ನುವ ವಚನ. ಅದರ ಹಿಂದಿನ ವಚನ ಕಾರ್ಡಿನಲ್ಲಿ ಇರುವುದಿಲ್ಲ. ಬಾಬಿಲೋನಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆ ಅಂತ ಅದರಲ್ಲಿದೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರ. ಅದನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಆ ಹಿತವನ್ನು ಕಣ್ಣಾರೆ ಕಾಣದೆ ಸತ್ತರು.

ಆ ಕಾರ್ಡಿನಿಂದ ಸಮಾಧಾನ ಪಡೆದವರನ್ನು ನಾನು ಹಗುರ ಮಾಡುವುದಿಲ್ಲ. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಅಂಥ ಕಾರ್ಡು ಹಿಡಿದು ಕೂತವರನ್ನು ನೋಡಿದ್ದೇನೆ. ಆದರೆ ಬಡವರನ್ನು ಒಂದು ಜೊತೆ ಕೆರಕ್ಕೆ ಮಾರಿಬಿಡುತ್ತಾರೆ ಅಂತ ಗುಡುಗುವ ಪ್ರವಾದಿ ಆಮೋಸನ ವಚನ ಯಾರಿಗೂ ವಾಗ್ದಾನವಾಗಿ ಬಂದದ್ದನ್ನು ನಾನು ನೋಡಿಲ್ಲ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೇಳಬೇಡ ಅನ್ನುವ ವಿಮೋಚನಕಾಂಡದ ಮಾತೂ ಬರುವುದಿಲ್ಲ. ಬಡ್ಡಿ ವ್ಯವಹಾರ ಮಾಡುವವರು ನಮ್ಮ ಸಭೆಗಳಲ್ಲೂ ಇದ್ದಾರೆ, ಕಾಣಿಕೆ ತಟ್ಟೆಗೆ ಧಾರಾಳವಾಗಿಯೂ ಹಾಕುತ್ತಾರೆ. ಬೈಬಲ್‌ನಲ್ಲಿ ಬರೆದಿದೆ, ಮುಗೀತು ಅನ್ನುವ ಮಾತನ್ನು ಅವರ ಹತ್ತಿರ ಯಾರೂ ಆಡುವುದಿಲ್ಲ. ಅದನ್ನು ಉಳಿಸಿಟ್ಟಿರುವುದು ಹೆಣ್ಣುಮಕ್ಕಳಿಗೆ.

ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಲೂಥರ್ 1521ರಲ್ಲಿ ವರ್ಮ್ಸ್ ಪಟ್ಟಣದಲ್ಲಿ ಚಕ್ರವರ್ತಿಯ ಎದುರು ನಿಂತಾಗ ಹೇಳಿದ್ದನ್ನು ಎರಡೂ ಕಡೆಯವರು ಎತ್ತಿಕೊಳ್ಳುತ್ತಾರೆ. ಶಾಸ್ತ್ರದ ಪಕ್ಷದವರಿಗೆ ಅವನು ಪುಸ್ತಕದ ವೀರ. ಮನಸ್ಸಾಕ್ಷಿಯ ಪಕ್ಷದವರಿಗೆ ಒಬ್ಬಂಟಿ ನಿಂತ ಧೀರ. ಅವನು ಆಡಿದ್ದು ಮಾತ್ರ ಎರಡನ್ನೂ ಕೂಡಿಸಿ: ನನ್ನ ಮನಸ್ಸಾಕ್ಷಿ ದೇವರ ವಾಕ್ಯಕ್ಕೆ ಸೆರೆಯಾಗಿದೆ, ಮನಸ್ಸಾಕ್ಷಿಗೆ ವಿರುದ್ಧ ನಡೆಯುವುದು ಸರಿಯೂ ಅಲ್ಲ, ಕ್ಷೇಮವೂ ಅಲ್ಲ. ಅಂಥ ಲೂಥರನೇ ಮುಂದಿನ ವರ್ಷ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಯಾಕೋಬನ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ ಅಂದ. ಅದನ್ನು, ಇಬ್ರಿಯರಿಗೆ ಬರೆದದ್ದನ್ನು, ಯೂದನದ್ದನ್ನು, ಪ್ರಕಟನೆಯನ್ನು ಕೊನೆಗೆ ತಳ್ಳಿದ. ಆದರೆ ಕಿತ್ತು ಬಿಸಾಡಲಿಲ್ಲ. ಒಪ್ಪಿಗೆ ಇಲ್ಲದಿದ್ದರೂ ಅಚ್ಚು ಹಾಕಿಸಿದ, ಓದುವವರು ಅವನ ಜೊತೆ ಜಗಳ ಆಡಲಿ ಅಂತ ಬಿಟ್ಟ. ಆ ನಡತೆ ನನಗೆ ತುಂಬ ಹಿಡಿಸುತ್ತದೆ. ನನಗೆ ಬೇಡವಾದ ಪುಟವೂ ಪುಸ್ತಕದಲ್ಲಿ ಇರಬೇಕು. ನನ್ನನ್ನು ಒಪ್ಪುವ ಪುಟಗಳನ್ನಷ್ಟೇ ಇಟ್ಟುಕೊಂಡರೆ ಅದು ನನ್ನದೇ ದನಿಯನ್ನು ನನಗೆ ಕೇಳಿಸುತ್ತದೆ ಅಷ್ಟೇ.

ಹಾಗಾದರೆ ಅಧೀನರಾಗಿರಿ ಅನ್ನುವ ಪುಟಗಳನ್ನು ಏನು ಮಾಡುವುದು? ಇದಕ್ಕೆ ನನಗೆ ದಾರಿ ಸಿಕ್ಕಿದ್ದು ಬೈಬಲ್‌ನಲ್ಲೇ, ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ. ಅರಣ್ಯಕಾಂಡವನ್ನು ನಾವು ಬೇಗ ಬೇಗ ಪುಟ ತಿರುವಿ ದಾಟುತ್ತೇವೆ, ಜನಗಣತಿಯೇ ಜಾಸ್ತಿ ಅಂತ. ಆ ಅಧ್ಯಾಯದಲ್ಲಿ ಚಲ್ಪಹಾದ ಅನ್ನುವವನ ಐದು ಹೆಣ್ಣುಮಕ್ಕಳು ಬರುತ್ತಾರೆ. ಅಪ್ಪ ಅರಣ್ಯದಲ್ಲಿ ಸತ್ತಿದ್ದಾನೆ. ಗಂಡುಮಕ್ಕಳಿಲ್ಲ. ನಿಯಮದ ಪ್ರಕಾರ ಆಸ್ತಿ ಕೈತಪ್ಪಿ ಹೋಗುತ್ತದೆ. ಅವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ಮೋಶೆ, ಯಾಜಕ, ಮುಖಂಡರು, ಇಡೀ ಸಮೂಹದ ಎದುರು ನಿಂತು ಕೇಳುತ್ತಾರೆ: ಗಂಡುಮಕ್ಕಳಿಲ್ಲ ಅಂದ ಮಾತ್ರಕ್ಕೆ ನಮ್ಮಪ್ಪನ ಹೆಸರು ಯಾಕೆ ಅಳಿಸಿಹೋಗಬೇಕು? ನಮಗೂ ಪಾಲು ಕೊಡಿ. ಮೋಶೆ ಬರೆದಿದೆ, ಮುಗೀತು ಅನ್ನಲಿಲ್ಲ. ದೇವರನ್ನು ಕೇಳಿದ. ಆ ಹೆಣ್ಣುಮಕ್ಕಳು ಹೇಳಿದ್ದು ನ್ಯಾಯವಾಗಿದೆ ಅಂತ ದೇವರು ಉತ್ತರ ಕೊಟ್ಟರು. ನಿಯಮ ಬದಲಾಯಿತು. ಆ ಐವರ ಹೆಸರುಗಳನ್ನೂ ಬೈಬಲ್ ಬರೆದಿಟ್ಟಿದೆ.

ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯದಲ್ಲೂ ನಡೆಯುವುದು ಹೀಗೇ. ಅನ್ಯಜನರು ಸುನ್ನತಿ ಮಾಡಿಸಿಕೊಳ್ಳಬೇಕಾ ಅನ್ನುವುದು ಜಗಳ. ಆದಿಕಾಂಡದಲ್ಲಿ ನಿತ್ಯವಾದ ಒಡಂಬಡಿಕೆ ಅಂತಲೇ ಬರೆದಿದೆ. ಆದರೂ ಯೆರೂಸಲೇಮಿನ ಸಭೆ ಮೊದಲು ಪೇತ್ರ ಕಂಡದ್ದನ್ನು ಕೇಳಿತು, ಬಾರ್ನಬ, ಪೌಲರು ಕಂಡದ್ದನ್ನು ಸದ್ದಿಲ್ಲದೆ ಕೇಳಿತು. ಆಮೇಲೆ ಯಾಕೋಬ ಆಮೋಸನ ಗ್ರಂಥ ತೆಗೆದ. ಅನ್ಯಜನರ ಮೇಲೆ ಆ ನೊಗ ಹೊರಿಸಲಿಲ್ಲ. ಹಾಗೆ ಹೊರಿಸಿದ್ದರೆ ಕ್ರೈಸ್ತಧರ್ಮ ಕರ್ನಾಟಕದವರೆಗೆ ಬರುತ್ತಿತ್ತೋ ಇಲ್ಲವೋ.

ಶಾಸ್ತ್ರಕ್ಕೆ ಅಧಿಕಾರ ಇದೆ ಅಂತ ನಾನು ನಂಬುವುದು ಈ ಅರ್ಥದಲ್ಲಿ. ಒಂದು ವಚನ ಯಾರ ತಲೆಯ ಮೇಲೆ ಬೀಳುತ್ತದೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಬೇಕು. ಅವರು ಎದ್ದು ನಿಂತು ಮಾತಾಡಿದರೆ ಅದೂ ಓದಿನ ಭಾಗವೇ. ಜೋನ್ಸ್ ಅವರ ಸಭೆಯಲ್ಲಿ ಅವರು ಕೂತಿದ್ದರು, ಮಾತಾಡುವ ಹಕ್ಕಿರಲಿಲ್ಲ. ಜೆಫರ್ಸನ್ ಕೋಣೆಯಲ್ಲಿ ಅವರೇ ಇರಲಿಲ್ಲ. ಹಾಗೆ ಓದಿದರೆ ಜಗಳ ಬೇಗ ತೀರುವುದಿಲ್ಲ, ನಿಜ. ಮೋಶೆಗೂ ತಕ್ಷಣ ಉತ್ತರ ಗೊತ್ತಿರಲಿಲ್ಲ.

ಕೇರಳದ ಮೇರಿ ರಾಯ್ ನೆನಪಾಗುತ್ತಾರೆ. 1916ರ ತಿರುವಾಂಕೂರು ಕಾಯಿದೆಯಲ್ಲಿ ಕ್ರೈಸ್ತ ಹೆಣ್ಣುಮಗಳಿಗೆ ಅಪ್ಪನ ಆಸ್ತಿಯಲ್ಲಿ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಅವರು ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು. ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಯೋಬನು ತನ್ನ ಹೆಣ್ಣುಮಕ್ಕಳಿಗೂ ಅಣ್ಣತಮ್ಮಂದಿರ ಜೊತೆ ಸ್ವಾಸ್ತ್ಯ (ಆಸ್ತಿಯ ಪಾಲು) ಕೊಟ್ಟ ಅಂತ ಇದೆ. ಆ ವಚನ ಭಾನುವಾರಗಳಲ್ಲಿ ಗಟ್ಟಿಯಾಗಿ ಕೇಳಿಸಿದ್ದರೆ ಕೋರ್ಟು ಹತ್ತುವ ಗತಿ ಬರುತ್ತಿತ್ತಾ?

ನಮ್ಮ ಮನೆಗೂಟದ ಜಗಳವೂ ಹೆಣ್ಣುಮಕ್ಕಳದ್ದೇ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಹೆಂಗಸು ಉಪದೇಶ ಮಾಡುವುದಕ್ಕೆ ಅಪ್ಪಣೆ ಇಲ್ಲ ಅಂತ ಇದೆ. ಸಿಎಸ್‌ಐ ಸ್ತ್ರೀಯರಿಗೆ ಸಭಾಪಾಲಕ ದೀಕ್ಷೆ ಕೊಡಲು ಶುರು ಮಾಡಿದ್ದು 1976ರಲ್ಲಿ. 2013ರಲ್ಲಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ನಮ್ಮ ಮೊದಲ ಮಹಿಳಾ ಬಿಷಪ್ ಆದರು. ಇಷ್ಟಾದರೂ ಆ ಅಧ್ಯಾಯ ಬಂದಾಗ ನಮ್ಮ ಹಿರಿಯರೊಬ್ಬರು ಕನ್ನಡಕ ತೆಗೆದು ಬೈಬಲ್ ಮೇಲಿಟ್ಟು, ಸಿನಡ್ (ಸಿಎಸ್‌ಐನ ಆಡಳಿತ ಸಭೆ) ಏನಾದರೂ ಹೇಳಲಿ, ಪೌಲ ಹೇಳಿದ್ದೇ ಕೊನೆ ಅನ್ನುತ್ತಾರೆ. ಅದೇ ಅಧ್ಯಾಯ ಹೆಂಗಸರು ಚಿನ್ನ ಹಾಕಬಾರದು ಅಂತಲೂ ಹೇಳುತ್ತದೆ. ಕೆಲವು ಪೆಂತೆಕೊಸ್ತು ಸಭೆಗಳು ಅದನ್ನು ಅಕ್ಷರಶಃ ಪಾಲಿಸುತ್ತವೆ. ನಮ್ಮಲ್ಲಿ ಮದುವೆಗೆ ಯಾರೂ ಆ ವಚನ ಎತ್ತುವುದಿಲ್ಲ. ಪರಿಶುದ್ಧ ಮುದ್ದಿಟ್ಟು ಒಬ್ಬರನ್ನೊಬ್ಬರು ವಂದಿಸಿರಿ ಅಂತ ಪೌಲ ಮತ್ತೆ ಮತ್ತೆ ಬರೆದ. ನಮ್ಮ ಆರಾಧನೆಯಲ್ಲಿ ಕೈಯಿಂದ ಕೈಗೆ ಸಮಾಧಾನ ದಾಟಿಸುತ್ತೇವೆ. ಅದರಿಂದ ಪೌಲನಿಗೆ ಅವಮಾನ ಆಯಿತು ಅಂತ ಯಾರಿಗೂ ಅನ್ನಿಸಿಲ್ಲ.

ಹಿರಿಯರ ಮೇಲೆ ನನಗೆ ಕೋಪ ಇಲ್ಲ. ಅವರಷ್ಟು ಬೈಬಲ್ ಗೊತ್ತಿರುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ, ಅರ್ಧ ಕೀರ್ತನೆಗಳು ಬಾಯಿಗೆ ಬರುತ್ತವೆ. ಪುಸ್ತಕ ಬೇಡ ಅನ್ನುವ ಹುಡುಗಿಯ ಮೇಲೂ ಕೋಪ ಇಲ್ಲ, ಅವಳಿಗೆ ಆ ಪುಸ್ತಕವನ್ನು ಹೆಚ್ಚಾಗಿ ಬಾಯಿ ಮುಚ್ಚಿಸುವುದಕ್ಕೇ ಬಳಸಿದ್ದಾರೆ. ಹೋದ ಸಲ ನಾನು ಕೇಳಿದ್ದು ಇಷ್ಟೇ: ಆ ಅಧ್ಯಾಯದ ಅಧ್ಯಯನವನ್ನು ಈ ಸಲ ಅವಳೇ ನಡೆಸಲಿ, ಹಿರಿಯರು ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಲಿ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೇ, 'ಆಗಲಿ ಮಗಳೇ, ಆದರೆ ಪೂರ್ತಿ ಅಧ್ಯಾಯ ಓದಬೇಕು, ಒಂದು ವಚನವೂ ಬಿಡೋ ಹಾಗಿಲ್ಲ' ಅಂದರು. ಅವಳು, 'ಬಿಡಲ್ಲ ಅಂಕಲ್. ಅದಕ್ಕೆ ಮುಂಚೆ ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆ ಅಧ್ಯಾಯ ಓದೋಣ' ಅಂದಳು. ಆ ಅಧ್ಯಾಯ ಶುರುವಾಗುವುದೇ ಸಭೆಯ ಸೇವಕಳಾದ ಫೊಯಿಬೆಯಿಂದ. ಪೌಲನ ಆ ದೊಡ್ಡ ಪತ್ರಿಕೆಯನ್ನು ರೋಮಿಗೆ ಹೊತ್ತುಕೊಂಡು ಹೋದವಳು ಅವಳೇ ಇರಬೇಕು ಅಂತ ವಿದ್ವಾಂಸರು ಹೇಳುತ್ತಾರೆ. ಹಿರಿಯರು ತಮ್ಮ ಹಳೇ ನೋಟ್‌ಬುಕ್ ಹುಡುಕಿ ತರುತ್ತೇನೆ ಅಂದಿದ್ದಾರೆ. ಮುಂದಿನ ಶುಕ್ರವಾರ ನಮ್ಮ ಮನೆಯಲ್ಲೇ ಕೂಟ.